ಚಿತ್ತಮ್ಮನಿಗೆ ಇಷ್ಟವಾದದ್ದು

ಹಿರಿಯೂರಿನ ಕಾಯಿ ಮಂಡಿಯಲ್ಲಿ ಓಬಳೇಶ ಎಲ್ಲಿ ಎಂದು ವಿಚಾರಿಸಿದರೆ, "ಯಾವ ಓಬಳೇಶ, ಕುಡುಕ ಓಬಳೇಶನಾ?" ಎಂದು ಈಗಲೂ ಕೇಳುತ್ತಾರೆ. ಅವನು ಕುಡಿತ ಬಿಟ್ಟು ಹನ್ನೊಂದು ತಿಂಗಳಾಯಿತು. ಹೆಸರು ಅವನನ್ನು ಬಿಟ್ಟಿಲ್ಲ. ಅದಕ್ಕವನು ಬೇಸರ ಪಡುವುದೂ ಇಲ್ಲ. ಇಪ್ಪತ್ತು ವರ್ಷ ಬಿಡದೆ ದುಡಿದು ಸಂಪಾದಿಸಿದ ಹೆಸರು, ಎದ್ದು ಹೋಗು ಎಂದ ಕೂಡಲೇ ಹೋಗುತ್ತದೆಯೇ ಎಂದು ತಾನೇ ನಗುತ್ತಾನೆ.

ಅವನು ಹುಟ್ಟಿದ್ದು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಹಿರಿಯೂರಿಗೆ ಬಂದು ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ನಿಂತ. ನೆಲಕ್ಕೆ ನೆಟ್ಟ ಚೂಪು ಹಾರೆಯ ಮೇಲೆ ಕಾಯಿ ಕುಕ್ಕಿ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುವಿದರೆ ಸಿಪ್ಪೆ ಬಾಯಿ ಬಿಡಬೇಕು. ಮೂರನೇ ಸಲ ತಿರುವುವವನು ಇನ್ನೂ ಕಲಿಯುವವನು ಎಂದು ಲೆಕ್ಕ. ಕೈ ಒಂದಿಷ್ಟು ಅಲುಗಿದರೆ ಹಾರೆ ಕಾಯಿ ಬಿಟ್ಟು ಅಂಗೈಯನ್ನೇ ಸುಲಿಯುತ್ತದೆ. ಮೊದಮೊದಲು ಭುಜದ ನೋವಿಗೆಂದು ಸಂಜೆ ಕುಡಿಯುತ್ತಿದ್ದ ಓಬಳೇಶನ ಕೈ, ಕೆಲವು ವರ್ಷಗಳಲ್ಲಿ ಬೆಳಿಗ್ಗೆ ಕುಡಿಯದಿದ್ದರೆ ನಿಲ್ಲದಂತಾಯಿತು. ಕುಡಿಯಲು ದುಡಿಯಬೇಕು, ದುಡಿಯಲು ಕುಡಿಯಬೇಕು. ಈ ಗಾಣಕ್ಕೆ ಬಿದ್ದವನು ಸುತ್ತಿದ್ದೇ ಸುತ್ತಿದ್ದು.

ಆ ಸುತ್ತಿನಲ್ಲಿ ಹೆಂಡತಿ ಚಿತ್ತಮ್ಮನೂ ಸುತ್ತಿದಳು. ಹೊಸದುರ್ಗದ ಕಡೆಯ ಕುರಿ ಸಾಕುವವರ ಮನೆಯ ಹೆಣ್ಣುಮಗಳು. ಕತ್ತಲಾಗುವ ಮುಂಚೆ ಕುರಿ ಎಣಿಸಿ ಹಟ್ಟಿಗೆ ತುಂಬಿ ಬೆಳೆದವಳು, ಮದುವೆಯಾದ ಮೇಲೆ ಗಂಡನನ್ನು ಹಾಗೆ ಮನೆ ತುಂಬಿಸಬೇಕಾಯಿತು. ಸಂಜೆಯಾದರೆ ಬಸ್ ಸ್ಟ್ಯಾಂಡಿನ ಹಿಂದಿನ ಬ್ರಾಂದಿ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದಳು. ಅವನು ಹೊರಗೆ ಬಂದರೆ ರಟ್ಟೆ ಹಿಡಿದು ನಡೆಸಿಕೊಂಡು ಹೋಗುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಜ್ವರ ಬಂದು ಐದನೇ ದಿನಕ್ಕೆ ಚಿತ್ತಮ್ಮ ಹೋದಳು. ಆ ದಿನ ಓಬಳೇಶ ಎಲ್ಲಿದ್ದ ಎಂದು ಯಾರಾದರೂ ಕೇಳಿದರೆ ಅಲ್ಲೇ ಇದ್ದ ಎನ್ನಬೇಕು. ಆದರೆ ಅವನಿಗೆ ಒಂದೂ ನೆನಪಿಲ್ಲ. ಮಣ್ಣಿಗಿಳಿಸುವಾಗ ನೀನೇ ಮೊದಲ ಹಿಡಿ ಮಣ್ಣು ಹಾಕಿದೆ ಎಂದು ಅಕ್ಕ ಹೇಳಿದ್ದಾಳೆ. ಹಾಕಿರಬಹುದು.

ಅವನನ್ನು ಕುಡಿತ ಬಿಡಿಸುವ ಶಿಬಿರಕ್ಕೆ ಅಟ್ಟಿದವಳು ಮಗಳು ಅನುಪಮಾ. ಚಿತ್ರದುರ್ಗದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದಿದವಳು, ಅಲ್ಲಿಯೇ ಮದುವೆಯಾಗಿ ನೆಲೆ ನಿಂತವಳು. ಎರಡು ತಿಂಗಳ ಹೆಣ್ಣುಕೂಸನ್ನು ತಂದು ಬಾಗಿಲಲ್ಲಿ ನಿಂತು, "ಅಪ್ಪ, ಎಲ್ಲರ ಮನೇಲೂ ತಾತನ ಕೈಗೆ ಮಗು ಕೊಡ್ತಾರೆ. ನಂಗೆ ಕೊಡೋಕೆ ಹೆದರಿಕೆ ಆಗುತ್ತೆ" ಎಂದಳು. ಅವಳು ಅಳಲಿಲ್ಲ, ಬೈಯಲಿಲ್ಲ. ಬಸ್ಸಿನ ಸಮಯ ಹೇಳಿದ ಹಾಗೆ ಹೇಳಿದಳು. ಅದೇ ವಾರ ಓಬಳೇಶ ಹೊಳಲ್ಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ, ತನ್ನಂಥ ಐವತ್ತು ಜನರ ನಡುವೆ ಚಾಪೆ ಹಾಸಿಕೊಂಡು ಮಲಗಿದ್ದ.

ಶಿಬಿರದಲ್ಲಿ ಮೈ ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ ಎಂದೆಲ್ಲ ಮುಂಚೆಯೇ ಹೇಳಿದ್ದರು. ಹೇಳದಿದ್ದದ್ದು ಒಂದೇ. ಕುಡಿತ ಹೋದ ಮೇಲೆ ಮೊದಲು ಹಸಿವು ಬರುತ್ತದೆ, ಆಮೇಲೆ ನಿದ್ದೆ ಬರುತ್ತದೆ, ಆಮೇಲೆ ಸತ್ತವರು ಬರುತ್ತಾರೆ. ಊರಿಗೆಲ್ಲ ಚಿತ್ತಮ್ಮ ಸತ್ತು ನಾಲ್ಕು ವರ್ಷವಾಗಿದ್ದರೆ, ಓಬಳೇಶನಿಗೆ ಅವಳು ಸತ್ತದ್ದು ಮೊನ್ನೆ ಮೊನ್ನೆ. ಕಾಯಿ ಸುಲಿಯುತ್ತ ಸುಲಿಯುತ್ತ ಥಟ್ಟನೆ ಕೈ ನಿಲ್ಲಿಸಿ, ಯಾರೋ ಈಗ ತಾನೇ ಬಂದು ಸುದ್ದಿ ಹೇಳಿದರೇನೋ ಎಂಬಂತೆ ನಿಂತುಬಿಡುತ್ತಿದ್ದ. ಅಳಬೇಕೆಂದರೆ ಅಳು ಬರುತ್ತಿರಲಿಲ್ಲ. ಅವನಿಗೆ ಉಳಿದಿದ್ದ ನೆನಪೂ ಒಂದೇ. ಸಂಜೆ ಮಬ್ಬಿನಲ್ಲಿ ತಾನು ತೂರಾಡುತ್ತ ನಡೆಯುವುದು, ರಟ್ಟೆ ಹಿಡಿದ ಅವಳು ದಾರಿಯುದ್ದಕ್ಕೂ ಮೂಗು ಸೊರಗುಟ್ಟಿಸುತ್ತ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಬರುವುದು. ಶಿಬಿರದಲ್ಲಿ ಎದ್ದು ನಿಂತು ನಿಮ್ಮ ತಪ್ಪು ಹೇಳಿರಿ ಎಂದಾಗ ಅವನು ಹೇಳಿದ್ದೂ ಅದನ್ನೇ. "ದಿನಾ ನನ್ನ ಹೆಣ್ತಿನ ರಸ್ತೇಲಿ ಅಳಿಸ್ಕಂಡು ಹೋಗ್ತಿದ್ದೆ."

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಹಿರಿಯರ ಹಬ್ಬ. ತೀರಿಕೊಂಡವರ ಹೆಸರಿನಲ್ಲಿ ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡುವ ದಿನ. ಓಬಳೇಶನ ಮನೆತನದಲ್ಲಿ ಇನ್ನೊಂದು ಕಟ್ಟುನಿಟ್ಟು ಇತ್ತು. ಎಡೆ ಇಡುವವನು ಸತ್ತವರ ಹೆಸರು ಹಿಡಿದು ಕರೆದು, "ಇದು ನಿನಗೆ ಇಷ್ಟವಾದದ್ದು, ಉಣ್ಣು" ಎಂದು ಬಾಯಿಬಿಟ್ಟು ಹೇಳಬೇಕು. ಇಷ್ಟವಿಲ್ಲದ್ದನ್ನು ಇಟ್ಟು ಇಷ್ಟವೆಂದು ಹೇಳಿದರೆ ಅವರು ಎಲೆ ಮುಟ್ಟದೆ ಹಸಿದುಕೊಂಡು ಹೋಗುತ್ತಾರೆ ಎಂಬ ನಂಬಿಕೆ. ಹಿಂದಿನ ವರ್ಷಗಳಲ್ಲಿ ಓಬಳೇಶ ಹಬ್ಬದ ದಿನ ಗೋಡೆಗೆ ಒರಗಿ ಬಿದ್ದಿರುತ್ತಿದ್ದ. ಅಕ್ಕ ಪುಟ್ಟಕ್ಕ ಬಿ.ದುರ್ಗದಿಂದ ಬಂದು ಹೋಳಿಗೆ ಇಟ್ಟು, ಅವನ ಬದಲು ಅವಳೇ ಹೇಳಿ ಮುಗಿಸುತ್ತಿದ್ದಳು.

"ಈ ಸಲ ನಾನೇ ಇಡ್ತೀನಿ ಅಕ್ಕ" ಎಂದು ಓಬಳೇಶ ಫೋನಿನಲ್ಲಿ ಹೇಳಿದ.

ಹಬ್ಬದ ಹಿಂದಿನ ದಿನ. ಪುಟ್ಟಕ್ಕ ಬಂದು ಸೇರಿದ್ದಳು. ಅನುಪಮಾ ಮಗುವಿನೊಂದಿಗೆ ಎರಡು ದಿನ ಮುಂಚೆಯೇ ಬಂದಿದ್ದಳು. ಬಂದಾಗಿನಿಂದ ಅವಳದು ಒಂದೇ ಕಸುಬು: ಅಪ್ಪ ಮಂಡಿಯಿಂದ ಬಂದ ಕೂಡಲೇ ಶರ್ಟಿನ ಗುಂಡಿ ಕಿತ್ತುಹೋಗಿದೆ, ತಲೆಯಲ್ಲಿ ನಾರು ಸಿಕ್ಕಿಕೊಂಡಿದೆ ಎಂದು ಏನಾದರೊಂದು ನೆವ ಹೂಡಿ ಹತ್ತಿರ ಹೋಗಿ ಉಸಿರು ಎಳೆದು ನೋಡುವುದು. ಓಬಳೇಶನಿಗೂ ಅದು ಗೊತ್ತಾಗಿ, ಅವನೇ ಬಗ್ಗಿ, "ಹಾ" ಎಂದು ಅವಳ ಮುಖಕ್ಕೆ ಉಸಿರು ಬಿಡುತ್ತಿದ್ದ. ಆಮೇಲೆ ಅವಳು ನಾಚಿಕೊಂಡು ಮಗುವನ್ನು ಅವನ ಕೈಗೆ ಕೊಡುತ್ತಿದ್ದಳು. ಕೊಟ್ಟ ಮೇಲೂ ಎರಡು ಹೆಜ್ಜೆ ದೂರದಲ್ಲೇ ಸುಳಿದಾಡುತ್ತಿದ್ದಳು.

"ತಾತನ ಎಲೆಗೆ ಲೋಟದಲ್ಲಿ ಬ್ರಾಂದಿ ಇಡೋದು ಈ ವರ್ಷ ಬೇಡ ಅತ್ತೆ" ಎಂದಳು ಅನುಪಮಾ. ಓಬಳೇಶನ ಅಪ್ಪ ತಿಪ್ಪಯ್ಯನ ಪಾಲಿಗೆ ಅದನ್ನು ಇಡುವುದು ವಾಡಿಕೆ. "ಮಜ್ಜಿಗೆ ಇಡೋಣ."

"ಸತ್ತೋರ್ನೂ ಶಿಬಿರಕ್ಕೆ ಸೇರಿಸ್ತೀಯೇನೇ" ಎಂದಳು ಪುಟ್ಟಕ್ಕ. ಆದರೂ ತಮ್ಮನ ಮುಖ ನೋಡಿ, "ಆಗ್ಲಿ, ಮಜ್ಜಿಗೆಗೆ ಒಗ್ಗರಣೆನಾದ್ರೂ ಹಾಕು. ನಮ್ಮಪ್ಪಂದು ಚಪ್ಪೆ ನಾಲಿಗೆ ಅಲ್ಲ" ಎಂದಳು.

"ಚಿತ್ತಿಗೆ ಏನಿಡೋಣ?" ಎಂದು ಓಬಳೇಶ ಕೇಳಿದ.

"ಇದೇನು ಕೇಳ್ತೀಯ ಅಪ್ಪ. ಅವ್ವಗೆ ಕಾಯಿ ಹೋಳಿಗೆ ಅಂದ್ರೆ ಪ್ರಾಣ."

"ಅದು ನಿನ್ಗೆ ಪ್ರಾಣ" ಎಂದಳು ಪುಟ್ಟಕ್ಕ. "ನೀನು ಹಾಸ್ಟೆಲಿಂದ ಬರ್ತೀಯ ಅಂತ ಒಲೆ ಮುಂದೆ ಕುಂತು ಬೇಯ್ತಿದ್ಲು. ಆಕೆಗೆ ಇಷ್ಟ ಇದ್ದಿದ್ದು ಅವರೆಕಾಳು ಸಾರು."

"ಹಂಗಾದ್ರೆ ನೀವ್ಯಾಕೆ ನಾಲ್ಕು ವರ್ಷ ಹೋಳಿಗೆ ಇಟ್ರಿ?"

"ನೀನು ಹೇಳ್ದೆ, ನಾನು ಇಟ್ಟೆ."

"ಅವರೆಕಾಳು ನಿಮ್ಗಿಷ್ಟ ಅತ್ತೆ. ನೀವು ಬಂದಾಗ ಮಾತ್ರ ಅವ್ವ ಅದನ್ನ ಮಾಡ್ತಿದ್ದಿದ್ದು."

ಪುಟ್ಟಕ್ಕನ ಕೈಯಲ್ಲಿದ್ದ ಮೊರ ಅಲ್ಲಾಡುವುದು ನಿಂತಿತು. ಚಿತ್ತಮ್ಮ ಯಾರ್ಯಾರಿಗೆ ಏನೇನು ಮಾಡಿ ಹಾಕುತ್ತಿದ್ದಳು ಎಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು. ಅವಳು ತಾನೇ ಬೇಕೆಂದು ತಿಂದದ್ದು ಏನು ಎಂದು ಕೇಳಿದರೆ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಓಬಳೇಶ ತಲೆಯನ್ನೆಲ್ಲ ಕೆದಕಿ ನೋಡಿದ. ತನಗೆಂದು ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟ ಊಟ ನೆನಪಿಗೆ ಬಂತು. ಅವಳು ಎಲೆಯ ಮುಂದೆ, ತಟ್ಟೆಯ ಮುಂದೆ ಕುಳಿತದ್ದು ಒಂದು ಸಲವೂ ಬರಲಿಲ್ಲ.

"ಗಂಡ ಅನ್ನಿಸ್ಕಂಡೋನು ನೀನು ಹೇಳಪ್ಪ" ಎಂದಳು ಪುಟ್ಟಕ್ಕ, ಸೋತವರ ಸಿಟ್ಟಿನಲ್ಲಿ. "ಆಕೆ ಕುಂತು ಉಂಡಿದ್ದು ನಾನಂತೂ ಕಾಣೆ. ಸಂಜೆ ಆದ್ರೆ ಆ ಬ್ರಾಂದಿ ಅಂಗಡಿ ಮುಂದೆ ನಿಂತಿರ್ತಿದ್ಲು. ಪಕ್ಕದಾಗೆ ಕೆಂಚಕ್ಕನ ಬಜ್ಜಿ ಬಂಡಿ ಐತಲ್ಲ, ಹೋಗಿ ಕೇಳು. ಏನಾರ ತಿಂದಿದ್ರೆ ಅವಳಿಗೇ ಗೊತ್ತಿರ್ತೈತೆ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಓಬಳೇಶ ಎದ್ದು ಚಪ್ಪಲಿ ಮೆಟ್ಟುತ್ತಿದ್ದ.

ಆ ರಸ್ತೆಗೆ ಅವನು ಕಾಲಿಟ್ಟು ಹನ್ನೊಂದು ತಿಂಗಳಾಗಿತ್ತು. ಮಂಡಿಯಿಂದ ಮನೆಗೆ ಅದೇ ಹತ್ತಿರದ ದಾರಿಯಾದರೂ ಅರ್ಧ ಊರು ಸುತ್ತಿಕೊಂಡು ಬರುತ್ತಿದ್ದ. ಅವನು ಮೊದಲು ಮುರುಗಪ್ಪನಿಗೆ ಫೋನ್ ಮಾಡಿದ. ಮುರುಗಪ್ಪನದು ಹೈವೇ ಪಕ್ಕ ಪಂಕ್ಚರ್ ಅಂಗಡಿ. ಅವನೂ ಬಿಟ್ಟವನೇ, ಏಳು ವರ್ಷದ ಹಿಂದೆ. ಬಿಟ್ಟವರೆಲ್ಲ ಸೇರುವ ಭಾನುವಾರದ ಸಭೆಯಲ್ಲಿ ಓಬಳೇಶನ ಪಕ್ಕದಲ್ಲಿ ಕೂರುವವನು.

"ಒಬ್ನೇ ಹೋಗಬ್ಯಾಡ ಕಣಲೇ" ಎಂದ ಮುರುಗಪ್ಪ. "ಹೊಸದುರ್ಗದಾಗೆ ಇದೀನಿ. ಬಸ್ಸು ಇಳಿಯಾದು ಎಂಟು ಗಂಟೆ ಆಗ್ತೈತೆ. ಅಲ್ಲೀತನಕ ತಡ್ಕ."

"ಅಷ್ಟೊತ್ತಿಗೆ ಕೆಂಚಕ್ಕ ಬಂಡಿ ಎತ್ತಿರ್ತಾಳೆ. ನಾಳೆ ಅಮಾಸೆ, ಬರಲ್ಲ."

"ಹೋಳಿಗೇನೇ ಇಡು ಮಾರಾಯ. ಹೆಣ್ತಿಗೆ ಏನಿಷ್ಟ ಅಂತ ಯಾವ ಗಂಡಸಿಗೆ ಗೊತ್ತೈತೆ? ನಂಗೇ ಗೊತ್ತಿಲ್ಲ, ಅವಳಿನ್ನೂ ಬದ್ಕಿದಾಳೆ."

"ನಾನು ಬಾಯ್ಬಿಟ್ಟು ಹೇಳ್ಬೇಕು ಮುರುಗಪ್ಪ. ಇಪ್ಪತ್ತು ವರ್ಷ ಆಕೆಗೆ ಸುಳ್ಳೇ ಹೇಳಿದೀನಿ. ಇದೂ ಸುಳ್ಳಾದ್ರೆ ಹೆಂಗೆ?"

"ಹಂಗಾದ್ರೆ ಮಗಳ್ನ ಕಳ್ಸು" ಎಂದ ಮುರುಗಪ್ಪ.

ಅನುಪಮಾ ಆಗಲೇ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. "ನಾನೇ ಕೇಳ್ಕೊಂಡು ಬರ್ತೀನಪ್ಪ."

"ನೀನು ಅಲ್ಲಿ ನಿಲ್ಲಬಾರದು" ಎಂದ ಓಬಳೇಶ. "ನಿಮ್ಮವ್ವ ನಿಂತಿದ್ದು ಸಾಕು."

ಅವನ ದನಿ ಕೇಳಿ ಅವಳು ಎದುರಾಡಲಿಲ್ಲ. ಸುಮ್ಮನೆ ಬಿಡುವವಳೂ ಅಲ್ಲ. ಅವನ ಫೋನ್ ಕಿತ್ತುಕೊಂಡು ತನ್ನ ನಂಬರಿಗೆ ಹಚ್ಚಿ, ಸ್ಪೀಕರ್ ಹಾಕಿ, ಅಂಗಿ ಜೇಬಿಗೆ ಇಳಿಬಿಟ್ಟಳು. "ಇದನ್ನ ಕಟ್ ಮಾಡಬೇಡ. ನಾನು ಕೇಳಿಸ್ಕೊತಾ ಇರ್ತೀನಿ. ಬ್ಯಾಟರಿ ನಲವತ್ತು ಪರ್ಸೆಂಟ್ ಇದೆ, ಬೇಗ ಬಾ." ಹೀಗೆ ಜೇಬಿನಲ್ಲಿ ಮಗಳನ್ನು ಇಟ್ಟುಕೊಂಡು ಓಬಳೇಶ ಹೊರಟ. ದಾರಿಯಲ್ಲಿ ಎರಡು ಸಲ ಜೇಬು, "ಅಪ್ಪ, ಎಲ್ಲಿದೀಯ?" ಎಂದಿತು. ಎದುರು ಬಂದವರು ತಿರುಗಿ ನೋಡಿದರು.

ಬಸ್ ಸ್ಟ್ಯಾಂಡ್ ದಾಟಿ ತಿರುಗಿದ ಕೂಡಲೇ ವಾಸನೆ ಬಂದು ಹಿಡಿಯಿತು. ಒಣಗಿದ ಚರಂಡಿ, ಕರಿದ ಎಣ್ಣೆ, ಅದರಡಿಯಲ್ಲಿ ಆ ಮೂರನೆಯದು. ಅಂಗಡಿಯ ಕಬ್ಬಿಣದ ಜಾಲರಿಯ ಮುಂದೆ ಹತ್ತು ಹನ್ನೆರಡು ಜನ ಕೈ ಚಾಚಿಕೊಂಡು ನಿಂತಿದ್ದರು. ಯಾರೋ ಗುರುತು ಹಿಡಿದು, "ಲೇ, ನಮ್ಮ ಓಬಳೇಶ ಕಣ್ರಲೇ. ಬಾರಪ್ಪ ಅಳಿಯ, ದೀಪಾವಳಿಗೆ ಮುಂಚೆನೇ ಬಂದ್ಯಲ್ಲ" ಎಂದು ಕೂಗಿದ. ಉಳಿದವರು ನಕ್ಕರು. ಓಬಳೇಶನೂ ನಕ್ಕ, ನಗುವಾಗ ಬಾಯೊಳಗೆ ನೀರು ಊರಿದ್ದು ಅವನಿಗೊಬ್ಬನಿಗೇ ತಿಳಿಯಿತು. ಜಾಲರಿಯ ಕಡೆ ನೋಡದೆ ಬಂಡಿಯ ಹತ್ತಿರ ನಡೆದ.

ಕೆಂಚಕ್ಕ ಎಣ್ಣೆಯಿಂದ ಕಣ್ಣೆತ್ತಿ ನೋಡಿ, "ಏನಪ್ಪ ಓಬಳೇಶ" ಎಂದಳು. ಆ ಮಾತಿನಲ್ಲಿ ಸಂತೋಷವಿರಲಿಲ್ಲ. "ಮತ್ತೆ ಶುರು ಹಚ್ಕಂಡ್ಯಾ?"

"ಇಲ್ಲಕ್ಕ. ನಿನ್ನತ್ರಾನೇ ಬಂದೆ. ನಾಳೆ ಚಿತ್ತಿಗೆ ಎಡೆ ಇಡ್ಬೇಕು. ಆಕೆಗೆ ಏನಿಷ್ಟ ಅಂತ ಮನೇಲಿ ಯಾರ್ಗೂ ಗೊತ್ತಿಲ್ಲ. ಇಲ್ಲಿ ನಿಂತಿರ್ತಿದ್ಲಲ್ಲ, ಏನಾರ ತಿಂತಿದ್ಲಾ?"

ಕೆಂಚಕ್ಕ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿ ಅವನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಹೊಟ್ಟೆ ಅಲ್ಲಾಡುವಂತೆ ನಕ್ಕಳು.

"ತಿಂತಿದ್ಲಾ ಅಂತ ಕೇಳ್ತೀಯಲ್ಲೋ. ಮೆಣಸಿನಕಾಯಿ ಬಜ್ಜಿ. ಬೀಜ ತೆಗೀದೇ ಇರೋದು. ಒಂದಲ್ಲ, ಎರಡಲ್ಲ, ಮೂರು. ಹೊಸದುರ್ಗದ ಹಟ್ಟಿಯೋಳು, ಆ ಖಾರ ನಾನೂ ತಿನ್ನಲಾರೆ. ತಿಂದು ಮೂಗು ಕಣ್ಣು ಎಲ್ಲಾ ಸುರಿಸ್ಕಂಡು, ಹಾ ಹೂ ಅಂತ ಕುಣಿಯೋಳು. ನಿಲ್ಲಿಸೇ ಅಂದ್ರೆ, ಇನ್ನೊಂದು ಹಾಕಕ್ಕ ಅನ್ನೋಳು."

ಓಬಳೇಶ ಬಂಡಿಯ ಅಂಚು ಹಿಡಿದುಕೊಂಡ. "ಮನೆಗೆ ಹೋಗ್ವಾಗ ದಾರೀಲಿ ಕಣ್ಣು ಒರೆಸ್ಕಂತಿದ್ಲು. ಅಳ್ತಾಳೆ ಅನ್ಕಂಡಿದ್ದೆ ನಾನು."

"ಖಾರ ಕಣೋ."

ಅವಳು ಹಿಟ್ಟಿನ ಕೈ ತೊಳೆದುಕೊಂಡಳು. ನಗು ಇಳಿದಿತ್ತು. "ಅಳ್ತಿರ್ಲಿಲ್ಲ ಅಂತ ನಾನು ಹೇಳಲ್ಲ. ಅತ್ತ ದಿನಾನೂ ಇದ್ವು, ನಿನ್ ಮುಂದೆ ಯಾಕೆ ಸುಳ್ಳು ಹೇಳಲಿ. ಆದ್ರೆ ದಿನಾ ಅಳಾಕೆ ಯಾರ ಕೈಲಾಗ್ತೈತೆ. ಬಂದು ಈ ಸ್ಟೂಲ್ ಮೇಲೆ ಕುಂತ್ಕಳೋಳು. ಇಲ್ಲಿಂದ ಆ ಅಂಗಡಿ ಬಾಗ್ಲು ಕಾಣಲ್ಲ, ಅದ್ಕೇ ಇಲ್ಲೇ ಕುಂತ್ಕಳೋಳು. ನೀನು ಈಚೆ ಬಂದ್ರೆ ನಾನೇ ಹೇಳ್ತಿದ್ದೆ. ಬಂದೋರ್ನ ಹೋದೋರ್ನ ಆಡ್ಕಂಡು ನಗೋಳು. ನಿನ್ನೂ ಆಡ್ಕಂಡಿದಾಳೆ. ನಿನ್ ನಡಿಗೆ ಮಾಡಿ ತೋರ್ಸೋಳು."

ಓಬಳೇಶನ ಎದೆಯಲ್ಲಿ ಏನೋ ಒಡೆದು ಮೇಲಕ್ಕೆ ಬಂತು. ಸಂಕಟವೋ ಸಂತೋಷವೋ ಅವನಿಗೆ ಬೇರೆ ಮಾಡಿ ಹೇಳಲಾಗುತ್ತಿರಲಿಲ್ಲ. ಅವನ ಮೈ ಕಲಿತಿದ್ದು ಒಂದೇ ಪಾಠ: ಇಷ್ಟು ದೊಡ್ಡದೇನಾದರೂ ಬಂದರೆ ಎದ್ದು ಹೋಗಿ ಆ ಜಾಲರಿಯೊಳಗೆ ಕೈ ಚಾಚಬೇಕು. ಕಾಲು ಆ ಕಡೆಗೇ ತಿರುಗಿತು. ಹತ್ತು ಹೆಜ್ಜೆ, ಹೆಚ್ಚೆಂದರೆ ಹನ್ನೆರಡು.

"ಅಪ್ಪ" ಎಂದಿತು ಜೇಬು. ಅನುಪಮಾ ಅಳುತ್ತಿದ್ದಳೋ ನಗುತ್ತಿದ್ದಳೋ. "ಅಪ್ಪ, ಮಾತಾಡು. ಏನಾರ ಮಾತಾಡು."

ಕೆಂಚಕ್ಕ ಬಂಡಿಯ ಹಿಂದಿನಿಂದ ಬಂದು, ರಟ್ಟೆ ಹಿಡಿದು ಎಳೆದು ಸ್ಟೂಲಿನ ಮೇಲೆ ಕೂರಿಸಿದಳು. ಅಂಗಡಿಯ ಬಾಗಿಲು ಮರೆಯಾಯಿತು. "ತಿನ್ನು" ಎಂದು ಬಿಸಿ ಬಜ್ಜಿಯೊಂದನ್ನು ಮಂಡಕ್ಕಿಯ ಮೇಲಿಟ್ಟು ಕೈಗೆ ಕೊಟ್ಟಳು. "ಮೊದ್ಲು ತಿನ್ನು, ಆಮೇಲೆ ಎಲ್ಲಿಗ್ ಬೇಕಾದ್ರೂ ಹೋಗು."

ಓಬಳೇಶ ಕಚ್ಚಿದ. ಬೀಜ ಬಾಯಿಗೆ ಸಿಕ್ಕಿದ ಕೂಡಲೇ ನಾಲಿಗೆ, ಗಂಟಲು, ಕಿವಿ ಎಲ್ಲ ಹೊತ್ತಿಕೊಂಡವು. ಕಣ್ಣಿನಿಂದ ನೀರು ಬಂತು, ಬಂದದ್ದು ನಿಲ್ಲಲಿಲ್ಲ. ಖಾರ ಆರಿದ ಮೇಲೂ ಬರುತ್ತಲೇ ಇತ್ತು. ಭುಜ ಅಲುಗುವಂತೆ ಅತ್ತ. ಬಜ್ಜಿ ಕಟ್ಟಿಸಿಕೊಳ್ಳಲು ಬಂದವನೊಬ್ಬ ಬೆಚ್ಚಿ ನೋಡಿದಾಗ ಕೆಂಚಕ್ಕ, "ಖಾರ ಹತ್ತೈತೆ, ನೀನು ನಿನ್ ಬಜ್ಜಿ ತಗಂಡು ನಡಿ" ಎಂದು ಗದರಿದಳು. ಜೇಬು ಸದ್ದಿಲ್ಲದೆ ಕೇಳಿಸಿಕೊಳ್ಳುತ್ತಿತ್ತು.

ಅವನು ಅತ್ತು ಮುಗಿಸಿ ಮುಖ ತೊಳೆದು ಏಳುವ ಹೊತ್ತಿಗೆ ಕೆಂಚಕ್ಕ ಹಿಟ್ಟಿನ ಹದ ಹೇಳಿಕೊಟ್ಟಿದ್ದಳು. ಉದ್ದನೆಯ ಮೆಣಸಿನಕಾಯಿ ಸೀಳಿ ಒಳಗೆ ಉಪ್ಪು, ಹುಣಸೆಹಣ್ಣು ಸವರಬೇಕು. ಕಡಲೆಹಿಟ್ಟಿಗೆ ಒಂದು ಚಿಟಿಕೆ ಓಂಕಾಳು. ಬೀಜ ಮಾತ್ರ ತೆಗೆಯಬಾರದು. ಕೈ ಚಾಚಿಕೊಂಡವರ ಮುಂದೆಯೇ ಅವನು ನಡೆದು ಬಂದ. ಯಾರೋ ಮತ್ತೆ ಕೂಗಿದರು. ಏನು ಕೂಗಿದರೆಂದು ಅವನಿಗೆ ಕೇಳಲಿಲ್ಲ, ಯಾಕೆಂದರೆ ಜೇಬು ಅದೇ ಹೊತ್ತಿಗೆ, "ಓಂಕಾಳು ಮನೇಲಿಲ್ಲ, ಬರ್ತಾ ತಗೊಂಡು ಬಾ" ಎನ್ನುತ್ತಿತ್ತು.

ಮನೆ ಬಾಗಿಲಲ್ಲಿ ಅನುಪಮಾ ನಿಂತಿದ್ದಳು. ಅವನು ರೂಢಿಯಂತೆ ಬಗ್ಗಿ ಉಸಿರು ಬಿಡಲು ಹೋದರೆ, ಅವಳು ಮೂಸಿ ನೋಡದೆ ಮಗುವನ್ನು ಅವನ ಕೈಗಿಟ್ಟು ಒಲೆಯ ಕಡೆ ಹೋದಳು.

ಅಮಾವಾಸ್ಯೆಯ ದಿನ ಪುಟ್ಟಕ್ಕ, "ಹಿರೇರ ಎಡೆಗೆ ಬೀದಿ ಬಜ್ಜಿ ಇಡೋ ಮನೆತನ ನಮ್ದೊಂದೇ" ಎಂದು ಗೊಣಗುತ್ತಲೇ ಕಡಲೆಹಿಟ್ಟು ಜರಡಿ ಹಿಡಿದುಕೊಟ್ಟಳು. ಕರಿದವನು ಓಬಳೇಶ. ಮೊದಲ ಸರದಿ ಸೀದು ಹೋಯಿತು, ಎರಡನೆಯದರ ಹಿಟ್ಟು ಬಿಚ್ಚಿಕೊಂಡಿತು. ಮೂರನೆಯದರಲ್ಲಿ ಮೂರು ಕಾಯಿ ನೆಟ್ಟಗೆ ಬಂದವು. ಅಷ್ಟೇ ಬೇಕಾಗಿತ್ತು. ಬಾಳೆಲೆಯ ಮೇಲೆ ಅವನ್ನಿಟ್ಟು, ಸೀರೆ ಕುಪ್ಪಸ ಇಟ್ಟು, ಧೂಪ ಹಾಕಿದ.

"ಚಿತ್ತಿ" ಎಂದ. "ಇದು ನಿನ್ಗೆ ಇಷ್ಟವಾದದ್ದು. ಉಣ್ಣು."

ಎಡೆ ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಯಾರೂ ಒಳಗಿರಬಾರದು. ಮೂವರೂ ಜಗುಲಿಯ ಮೇಲೆ ಕುಳಿತರು. ಬಿಸಿಲು ನೆತ್ತಿಗೆ ಬಂದಿತ್ತು. ಸ್ವಲ್ಪ ಹೊತ್ತಿಗೆ ಪುಟ್ಟಕ್ಕ ಕೆಮ್ಮಿ ಸದ್ದು ಮಾಡಿ ಬಾಗಿಲಿಗೆ ಕೈ ಹಾಕಲು ಎದ್ದಳು.

"ಇರ್ಲಿ ಅಕ್ಕ" ಎಂದ ಓಬಳೇಶ. "ಇನ್ನೊಂಚೂರು ಹೊತ್ತು. ಯಾವಾಗ್ಲೂ ನನ್ನ ಕಾಯ್ಕಂಡೇ ತಿಂದಾಕೆ, ಇವತ್ತಾದ್ರೂ ನಿಧಾನಕ್ಕೆ ತಿನ್ನಲಿ."

ಪುಟ್ಟಕ್ಕ ಕುಳಿತಳು. ಅನುಪಮಾ ಮಗು ಉಗುಳಿದ ಬಾಳೆಹಣ್ಣಿನ ತುಂಡನ್ನು ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಓಬಳೇಶ ಅದನ್ನು ನೋಡಿದ.

"ನಿನ್ಗೆ ಏನಿಷ್ಟನೇ ಅನು?"

"ಕಾಯಿ ಹೋಳಿಗೆ ಅಂತ ಅತ್ತೆ ನಿನ್ನೆ ಹೇಳಿದ್ರಲ್ಲ."

"ಅದು ಹಾಸ್ಟೆಲ್ಲಿನಾಗಿದ್ದಾಗ. ಈಗ?"

ಅವಳು ಬಾಯಿ ತೆರೆದಳು. ಗಂಡನಿಗೆ ಬೇಕಾದ ಪಲ್ಯ ನಾಲಿಗೆಗೆ ಬಂತು, ಮಗು ತಿನ್ನುವ ಗಂಜಿ ಬಂತು. ತನ್ನದೆಂಬುದು ಯಾವುದೂ ಬರಲಿಲ್ಲ. ಅವಳಿಗೆ ನಗು ಬಂತು, ಆಮೇಲೆ ಸ್ವಲ್ಪ ಹೆದರಿಕೆಯೂ ಆಯಿತು.

"ಗೊತ್ತಾಗ್ತಿಲ್ಲ ಅಪ್ಪ. ಯೋಚ್ನೆ ಮಾಡಿ ಹೇಳ್ಬೇಕು."

"ಮಾಡು" ಎಂದ ಓಬಳೇಶ. ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಕಂಬಕ್ಕೆ ಒರಗಿದ. "ನಂಗೇನು ಬೇರೆ ಕೆಲ್ಸ ಐತೆ. ಇಲ್ಲೇ ಕುಂತಿರ್ತೀನಿ."